ಡೋಣಿಯ ನೀರು ಎಂಜಿನ್ನಿನೊಳಗೆ

ಆ ಸಂಜೆ ನಾನು ಡೋಣಿ ಹೊಳೆಗೆ ಗಾಡಿ ಇಳಿಸಬಾರದಿತ್ತು. ಇಳಿಸುವ ಮುಂಚೆಯೇ ಅದು ನನಗೆ ಗೊತ್ತಿತ್ತು. ಟ್ರ್ಯಾಕ್ಟರಿನ ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿತ್ತು, ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ಎರಡನ್ನೂ ನೋಡಿದೆ. ನೋಡಿಯೂ ಇಳಿಸಿದೆ.

ನನ್ನ ತವರು ಇಂಡಿ ತಾಲೂಕಿನ ತಾಂಬಾ. ಮದುವೆಯಾಗಿ ಬಂದದ್ದು ಬಸವನ ಬಾಗೇವಾಡಿ ಕಡೆಗೆ, ಡೋಣಿ ದಂಡೆಯ ಒಂದು ಊರಿಗೆ. ಗಂಡ ಬಸ್ ಕಂಡಕ್ಟರ್. ಇಂಡಿಯಲ್ಲಿ ಡ್ಯೂಟಿ, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಮಾವ ಮತ್ತು ನಾನು. ಹೊಲ, ದನ, ಟ್ರ್ಯಾಕ್ಟರ್ ಎಲ್ಲ ನಮ್ಮಿಬ್ಬರ ಪಾಲಿಗೆ. ಟ್ರ್ಯಾಕ್ಟರ್ ನನ್ನ ಮದುವೆಗಿಂತ ಹಳೆಯದು. ಮಾವನೇ ತಂದದ್ದು, ಇಪ್ಪತ್ತೈದು ವರ್ಷ ಬೇರೆ ಯಾರ ಕೈಗೂ ಕೊಡದೆ ಓಡಿಸಿದ್ದು. ಆಮೇಲೆ ಅವರ ಕಣ್ಣಿನ ನರ ಒಣಗುತ್ತ ಬಂತು. ಎದುರಿಗೆ ಮನುಷ್ಯ ನಿಂತರೆ ನೆರಳು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆಳು ಇಡುವುದು ಬೇಡ ಎಂದು ನನ್ನನ್ನೇ ಸೀಟಿನ ಮೇಲೆ ಕೂರಿಸಿ, ತಾವು ಮಡ್‌ಗಾರ್ಡ್ ಮೇಲೆ ಕೂತು ಕಲಿಸಿದರು. ಊರವರು ನಕ್ಕರು. ಮಾವ ನಗುವವರ ಕಡೆ ತಿರುಗಿಯೂ ನೋಡಲಿಲ್ಲ.

ಕಲಿಸುವಾಗ ಹೇಳಿದ್ದು ಬಹಳ ಇಲ್ಲ. ಬೆಳಿಗ್ಗೆ ಚಾಲೂ ಮಾಡುವ ಮುಂಚೆ ನೀರು, ಆಯಿಲ್ ನೋಡಬೇಕು. ಕಾದ ಎಂಜಿನ್ನಿಗೆ ತಣ್ಣೀರು ಹಾಕಬಾರದು. ಪಡುವಣದಲ್ಲಿ ಮೋಡ ಕಂಡರೆ ಡೋಣಿಗೆ ಇಳಿಯಬಾರದು, ನಮ್ಮಲ್ಲಿ ಹನಿ ಬೀಳದಿದ್ದರೂ ಮೇಲ್ಗಡೆ ಸುರಿದ ಮಳೆಯ ನೀರು ಒಮ್ಮೆಲೇ ಬರುತ್ತದೆ. ಈ ಮೂರರಲ್ಲಿ ಎರಡನ್ನು ನಾನು ಒಂದೇ ಸಂಜೆ ಮುರಿದೆ. ಉಳಿದದ್ದನ್ನು, ಬೆಳಗಿನ ಆಯಿಲ್ ನೋಡುವುದನ್ನು, ಇದ್ದೂ ಇಲ್ಲದಂತೆ ಮಾಡಿದೆ.

ಆಗ ಉಳ್ಳಾಗಡ್ಡಿ ಕೀಳುವ ದಿನಗಳು. ಡೋಣಿಯ ಆಚೆ, ಸಿಂದಗಿ ಕಡೆಯ ದಾರಿಯಲ್ಲಿರುವ ಊರಿನಿಂದ ಹನ್ನೊಂದು ಮಂದಿ ಹೆಣ್ಣುಮಕ್ಕಳು ನಮ್ಮ ಹೊಲಕ್ಕೆ ಬರುತ್ತಿದ್ದರು. ಅವರಲ್ಲಿ ಒಬ್ಬಳಿಗೆ ಏಳು ತಿಂಗಳ ಕೂಸು. ಹೊಲದ ಬೇವಿನ ಮರಕ್ಕೆ ಸೀರೆ ಕಟ್ಟಿ ತೊಟ್ಟಿಲು ಮಾಡಿ, ಸಾಲು ಮುಗಿದಾಗೊಮ್ಮೆ ಬಂದು ಹಾಲು ಕೊಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಅವರನ್ನು ಕರೆತರುವುದು, ಸಂಜೆ ಬಿಟ್ಟು ಬರುವುದು ನನ್ನ ಕೆಲಸ. ದಾರಿ ಎರಡು. ಸೇತುವೆಯ ಮೇಲೆ ಹೋದರೆ ಸುತ್ತು, ತಾಸಿನ ಮಾತು. ಡೋಣಿಯೊಳಗೆ ಹಾಕಿದ ಕಾಂಕ್ರೀಟಿನ ಕೆಳದಾರಿಯಲ್ಲಿ ಹೋದರೆ ಹದಿನೈದು ನಿಮಿಷ.

“ಲಗೂನ ನಡಿ ಅಕ್ಕಾ, ಹೋಗಿ ರೊಟ್ಟಿ ಬಡೀಬೇಕು,” ಅಂದರು ಹಿಂದೆ ಟ್ರೇಲರಿನಲ್ಲಿ ಕೂತ ಹೆಣ್ಣುಮಕ್ಕಳು. ನನಗೂ ಅದೇ ಬೇಕಿತ್ತು. ಆಚೆ ದಂಡೆ ಮುಟ್ಟಿದ ಮೇಲೆ ಗಾಡಿ ನಿಲ್ಲಿಸಿ ಆರಿಸಿದರಾಯಿತು ಎಂದುಕೊಂಡು ಇಳಿಸಿದೆ.

ನಡುವೆ ಹೋದಾಗ ರೇಡಿಯೇಟರಿನಿಂದ ಹಬೆ ಎದ್ದಿತು. ಎಂಜಿನ್ ಎರಡು ಸಲ ಕೆಮ್ಮಿದ ಹಾಗೆ ಮಾಡಿ ನಿಂತುಬಿಟ್ಟಿತು. ಆ ಸದ್ದು ನಿಂತ ಕೂಡಲೇ ನೀರಿನ ಸದ್ದು ಕೇಳಿಸಿತು. ಅಲ್ಲಿಯವರೆಗೆ ನೀರಿಗೆ ಸದ್ದಿದೆ ಎಂಬುದೇ ನನಗೆ ಹೊಳೆದಿರಲಿಲ್ಲ.

“ಏನಾತಕ್ಕಾ?” ಕೂಸಿನ ತಾಯಿ ಕೇಳಿದಳು.

“ಏನಿಲ್ಲ. ನೀರು ಬೇಡಾಕತ್ತೈತಿ, ಅಷ್ಟ.”

ಇಳಿದು ನಿಂತರೆ ನೀರು ಪಾದ ಮುಳುಗುವಷ್ಟು. ಎಂಜಿನ್ ಆರಲು ಅರ್ಧ ತಾಸಾದರೂ ಬೇಕು. ಕಾಯೋಣ ಎಂದೇ ನಿಂತೆ. ಕಾಲಿನ ಸುತ್ತ ಒಣ ಕಸ, ಜೋಳದ ರವದಿ ಎಲೆ, ಬಿಳಿ ನೊರೆಯ ಒಂದು ಎಳೆ ಬಂದು ಸುತ್ತಿಕೊಂಡಿತು. ಬಗ್ಗಿ ನೋಡಿದೆ. ಈಗಷ್ಟೇ ತಳದ ಕಾಂಕ್ರೀಟು ಕಾಣುತ್ತಿತ್ತು, ಈಗ ಕಾಣುತ್ತಿರಲಿಲ್ಲ. ನೀರು ಮಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು.

ಹೆಣ್ಣುಮಕ್ಕಳನ್ನು ಇಳಿಸಿ ನಡೆಸಿಕೊಂಡು ಹೋಗಬೇಕಿತ್ತು. ಅದು ಈಗ ಹೊಳೆಯುತ್ತದೆ, ಆಗ ಹೊಳೆಯಲಿಲ್ಲ. ಆಗ ಕಂಡದ್ದು ಮಾವನ ಗಾಡಿ ಮಾತ್ರ. ಗೋಣಿಚೀಲ ಮುದ್ದೆ ಮಾಡಿ ರೇಡಿಯೇಟರಿನ ಮುಚ್ಚಳ ತಿರುವಿದೆ. ಹಬೆ ಚಿಮ್ಮಿ ಮುಂಗೈ ಸುಟ್ಟಿತು. ಹೆಣ್ಣುಮಕ್ಕಳ ಬಿಂದಿಗೆ ಇಸಿದುಕೊಂಡು ಡೋಣಿಯ ನೀರನ್ನೇ ಮೊಗೆದು ಸುರಿದೆ. ಕಾದ ಹಂಚಿಗೆ ನೀರು ಚಿಮುಕಿಸಿದರೆ ಚುಂಯ್ ಎನ್ನುತ್ತದಲ್ಲ, ಮೊದಲು ಆ ಸದ್ದು. ಎರಡನೆಯ ಬಿಂದಿಗೆಗೆ ಒಳಗೆಲ್ಲೋ ‘ಟಣ್’ ಎಂದಿತು. ಕೈ ನಿಂತಿತು. ಆದರೂ ಮೂರನೆಯದನ್ನೂ ಸುರಿದೆ.

ಮೂರನೆಯ ಸಲಕ್ಕೆ ಚಾಲೂ ಆಯಿತು. ಆಚೆ ದಂಡೆ ಹತ್ತಿಸಿ, ಅವರನ್ನು ಊರಿನ ಬಾಗಿಲಲ್ಲಿ ಇಳಿಸಿ ಮರಳಿ ದಂಡೆಗೆ ಬಂದು ನೋಡಿದರೆ ದಾರಿಯೇ ಇರಲಿಲ್ಲ. ನಾವು ನಿಂತಿದ್ದ ಜಾಗದಲ್ಲಿ ಕೆಂಪು ನೀರು ಮಗುಚಿ ಮಗುಚಿ ಹೋಗುತ್ತಿತ್ತು. ಬೇರುಸಹಿತ ಒಂದು ಜಾಲಿಮರ ಉರುಳುತ್ತ ಬಂತು, ಮುಳುಗಿತು, ದೂರದಲ್ಲಿ ಎದ್ದಿತು. ಗಾಡಿಯ ಹಿಂದಿನ ಗಾಲಿಗೆ ಬೆನ್ನು ಕೊಟ್ಟು ಅಲ್ಲೇ ಕೂತೆ. ಎಷ್ಟು ಹೊತ್ತು ಕೂತೆನೋ. ಆಮೇಲೆ ಸೇತುವೆಯ ಸುತ್ತುದಾರಿ ಹಿಡಿದು ಮನೆಗೆ ಬಂದೆ.

ಮಾವ ಅಂಗಳದಲ್ಲೇ ನಿಂತಿದ್ದರು.

“ಡೋಣಿ ಬಂತಂತಲ್ಲವಾ?”

“ಹೌದ್ರಿ. ಸೇತುವಿ ಮ್ಯಾಲ ಹಾದು ಬಂದೆ.”

“ಹೋಗೂಮುಂದ?”

“ಹೋಗೂಮುಂದನೂ ಸೇತುವಿ ಮ್ಯಾಲೇ ಹೋದೆ ರಿ. ಮಳಿ ಮಾಡ ಕಂಡಿತ್ತು.”

“ಚಲೋ ಮಾಡಿದಿ,” ಅಂದರು. “ಆಳುಮಕ್ಕಳ ಜೀವ ನಮ್ಮ ಕೈಯಾಗಿರತಾವ.”

ಮಾವ ಯಾರನ್ನೂ ಹೊಗಳುವವರಲ್ಲ. ಮುಂಗೈ ಮೇಲಿನ ಗುಳ್ಳೆ ಅವರಿಗೆ ಕಾಣುವಂತಿರಲಿಲ್ಲ. ವಾರದ ರಜೆಗೆ ಬಂದ ಗಂಡ ಕೇಳಿದಾಗ ಹಂಚು ತಾಗಿತು ಅಂದೆ.

ನಾಲ್ಕು ದಿನ ಏನೂ ಆಗಲಿಲ್ಲ, ಅಥವಾ ಏನೂ ಆಗಿಲ್ಲ ಎಂದುಕೊಂಡೆ. ರೇಡಿಯೇಟರಿನಲ್ಲಿ ದಿನಾ ಒಂದು ತಂಬಿಗೆ ನೀರು ಕಡಿಮೆಯಾಗುತ್ತಿತ್ತು. ಗಾಡಿಯ ಕೆಳಗೆ ಬಗ್ಗಿ ನೋಡುತ್ತಿದ್ದೆ. ನೆಲ ಒಣಗಿರುತ್ತಿತ್ತು. ಪೈಪುಗಳನ್ನು ಮುಟ್ಟಿ ನೋಡುತ್ತಿದ್ದೆ, ಎಲ್ಲೂ ಪಸೆ ಇಲ್ಲ. ಹೊರಗೆ ಸೋರದ ನೀರು ಎಲ್ಲಿಗೆ ಹೋಗುತ್ತದೆ? ಆ ಪ್ರಶ್ನೆಯನ್ನು ಪೂರ್ತಿ ಕೇಳಿಕೊಳ್ಳುವ ಧೈರ್ಯ ನನಗಿರಲಿಲ್ಲ. ತಂಬಿಗೆ ತುಂಬಿ ಸುರಿದು ಮುಚ್ಚಳ ಹಾಕುತ್ತಿದ್ದೆ.

ಐದನೆಯ ಬೆಳಿಗ್ಗೆ ಆಯಿಲ್ ನೋಡುವ ಕಡ್ಡಿ ಎಳೆದೆ. ಹಳೆಯ ಆಯಿಲ್ ಕಪ್ಪಗಿರಬೇಕು. ಕಡ್ಡಿಯ ಮೇಲೆ ಇದ್ದದ್ದು ಹಾಲು ಹಾಕಿದ ಚಹಾದ ಬಣ್ಣ. ಅದೂ ಮೇಲಿನ ಗೆರೆ ದಾಟಿ ಎರಡು ಬೆರಳು ಮೇಲೆ. ಕಾಲ ಕಳೆದಂತೆ ಎಂಜಿನ್ನಿನಲ್ಲಿ ಆಯಿಲ್ ಇಳಿಯಬೇಕು. ತಾನಾಗಿ ಹೆಚ್ಚಾಗುವುದಿಲ್ಲ. ಹೆಚ್ಚಾಗಿದೆ ಎಂದರೆ ಬೇರೇನೋ ಬಂದು ಕೂಡಿದೆ. ಅರಿವೆಯಿಂದ ಒರೆಸಿ ಮತ್ತೆ ಹಾಕಿ ಎಳೆದೆ. ಅದೇ ಬಣ್ಣ, ಅದೇ ಎತ್ತರ.

ಕಟ್ಟೆಯ ಮೇಲೆ ಕೂತಿದ್ದ ಮಾವ ದಿನದಂತೆ ಕೇಳಿದರು, “ಆಯಿಲ್ ಹೆಂಗೈತವಾ?”

ಕಡ್ಡಿ ನನ್ನ ಕೈಯಲ್ಲಿತ್ತು. ಅವರಿಗೆ ಅದು ಕಾಣುವುದಿಲ್ಲ. ಹತ್ತು ಹೆಜ್ಜೆಯ ದೂರ.

“ಬರೋಬ್ಬರಿ ಐತ್ರಿ,” ಅಂದೆ.

ಹಾಗೆಂದ ಮೇಲೆ ಗಾಡಿ ಓಡಿಸದೆ ಬೇರೆ ದಾರಿ ಇರಲಿಲ್ಲ. ಮೂರು ದಿನ ಓಡಿಸಿದೆ. ಹೆಣ್ಣುಮಕ್ಕಳನ್ನು ಕರೆತಂದೆ, ಬಿಟ್ಟು ಬಂದೆ, ಈಗ ಸೇತುವೆಯ ಮೇಲೆಯೇ. ಒಂದೊಂದು ಗಳಿಗೆಯೂ ಕಿವಿ ಎಂಜಿನ್ನಿನ ಮೇಲೆ. ದಿಣ್ಣೆ ಏರುವಾಗ ಒಳಗೆ ಕಟಕಟ ಅಂದಂತೆ ಕೇಳಿಸುತ್ತಿತ್ತು, ಇಳಿಯುವಾಗ ಹೋಗುತ್ತಿತ್ತು. ನನ್ನ ಹೆದರಿಕೆಗೆ ಕೇಳಿಸುತ್ತಿದೆಯೋ ನಿಜವಾಗಿ ಇದೆಯೋ ತಿಳಿಯುತ್ತಿರಲಿಲ್ಲ. ಹಿಂದೆ ಅವರು ನಗುತ್ತ ಹಾಡುತ್ತ ಬರುತ್ತಿದ್ದರೆ ಬೆನ್ನ ಮೇಲೆ ಯಾರೋ ತಣ್ಣನೆಯ ಕೈ ಇಟ್ಟಂತಾಗುತ್ತಿತ್ತು.

ಕಣ್ಣು ಹೋದವರಿಗೆ ಕಿವಿ ಚುರುಕು. ಮೂರನೆಯ ಸಂಜೆ ಗಾಡಿ ಅಂಗಳಕ್ಕೆ ಬಂದಾಗ ಮಾವ ಕೈ ಎತ್ತಿದರು.

“ಬಂದ್ ಮಾಡಬ್ಯಾಡ. ಹಂಗ ಬಿಡು.” ಬಂದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತರು. ತಲೆ ಓರೆ ಮಾಡಿ ಕೇಳಿದರು. “ದನಿ ಬ್ಯಾರೆ ಆಗೇತಿ. ಈಗ ಬಂದ್ ಮಾಡು. ಕಡ್ಡಿ ತಗಿ.”

ತೆಗೆದು ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ಒಯ್ಯಲಿಲ್ಲ. ತುದಿಯ ಆಯಿಲನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿದರು. ಮೂಸಿದರು. ಮತ್ತೆ ಉಜ್ಜಿದರು.

“ನೀರು ಕೂಡೇತಿ,” ಅಂದರು. ಬೆರಳು ಒರೆಸಿಕೊಳ್ಳುತ್ತ ಕೇಳಿದರು, “ಮುಂಜಾನಿ ನೋಡಿದ್ಯೇನು?”

“ನೋಡಿದ್ದೆ ರಿ. ಮುಂಜಾನಿ ಚಲೋ ಇತ್ತು.”

ಮರುದಿನ ಮುದ್ದೇಬಿಹಾಳದಿಂದ ಟ್ರ್ಯಾಕ್ಟರ್ ರಿಪೇರಿಯ ಮಿಸ್ತ್ರಿ ಬಂದರು. ಮಾವನ ವಯಸ್ಸಿನವರೇ, ಬಿಳಿ ಗಡ್ಡ, ಕಾಲಿಗೆ ಟಾಯರ್ ಚಪ್ಪಲಿ. ನಮ್ಮ ಗಾಡಿಗೆ ಮೊದಲಿನಿಂದಲೂ ಕೈ ಹಚ್ಚಿದವರು ಅವರೊಬ್ಬರೇ. ನಮಾಜು ಮುಗಿಸಿ ಮೊದಲ ಬಸ್ಸಿಗೆ ಬಂದು ಇಳಿದು, ಚಹಾ ಕುಡಿದು, ಕಟ್ಟೆಯ ಮೇಲೆ ಮಾವನ ಪಕ್ಕದಲ್ಲಿ ಕೂತು ನನ್ನನ್ನು ಕರೆದರು.

“ತಂಗಿ, ಖರೇ ಹೇಳು. ಗಾಡಿ ಕಾದಿತ್ತೇನು?”

ಮಾವ ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು. ಕಾಣದ ಕಣ್ಣುಗಳು ನೆಟ್ಟಗೆ ನನ್ನ ಮೇಲೆ.

“ಇಲ್ರಿ ಕಾಕಾ.”

“ಒಮ್ಮಿನೂ?”

“ಒಮ್ಮಿನೂ ಇಲ್ರಿ.”

ಮಿಸ್ತ್ರಿ ತಲೆಯಾಡಿಸಿದರು. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ ಇರುತ್ತದೆ, ಅದಕ್ಕೆ ಚೇಂಬರ್ ಅನ್ನುತ್ತಾರೆ. ಗಾಡಿ ರಾತ್ರಿಯೆಲ್ಲ ಅಲುಗದೆ ನಿಂತಿತ್ತು. ನೀರು ತೂಕದ್ದು, ಒಂದಿಷ್ಟಾದರೂ ಕೆಳಗೆ ಕೂತಿರುತ್ತದೆ ಎಂದು ಹೇಳಿ, ಚೇಂಬರಿನ ತಳದ ಬೋಲ್ಟನ್ನು ಪಾನಾದಿಂದ ಸ್ವಲ್ಪವೇ ಸಡಿಲಿಸಿದರು. ಮೊದಲು ಬಂದದ್ದು ಆಯಿಲ್ ಅಲ್ಲ. ಕಲಗಚ್ಚಿನಂಥ ನೀರು, ಅರ್ಧ ತಂಬಿಗೆಯಷ್ಟು. ಅದರ ಹಿಂದೆ ಆ ಚಹಾದ ಬಣ್ಣದ ಲೋಳೆ. ಮಿಸ್ತ್ರಿ ನೀರಿನಲ್ಲಿ ಬೆರಳದ್ದಿ ನಾಲಿಗೆಯ ತುದಿಗೆ ಮುಟ್ಟಿಸಿ ಥೂ ಎಂದು ಉಗುಳಿದರು.

“ಉಪ್ಪೈತಿ.”

“ಉಪ್ಪು?” ಮಾವ ಅಂದರು. “ನಮ್ಮದು ನಳದ ನೀರು. ಕೃಷ್ಣಾ ನೀರು. ಸಿಹಿ.”

ನಮ್ಮ ಕಡೆ ಡೋಣಿಯ ನೀರು ಉಪ್ಪು ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಮಿಸ್ತ್ರಿ ನನ್ನನ್ನು ನೋಡಿದರು. ಮುಂಗೈಯ ಕಲೆಯನ್ನೂ ನೋಡಿದರೆಂದು ಕಾಣುತ್ತದೆ. ನಾನು ಸೆರಗು ಎಳೆದುಕೊಂಡೆ.

“ಒಂದಿನ ಹೊಲದ ಬೋರಿನ ನೀರು ಹಾಕಿದ್ದೆ ರಿ,” ಅಂದೆ. ಬೋರಿನ ನೀರೂ ಸವುಳುಪ್ಪು, ಹಾಗಾಗಿ ನನ್ನ ಮಾತು ನಂಬುವಂತಿತ್ತು. ಸುಳ್ಳಿನ ಮೇಲೆ ಸುಳ್ಳು ಹೊಂದಿಕೊಂಡು ಕೂತದ್ದು ಕಂಡು ನನಗೇ ನನ್ನ ಬಗ್ಗೆ ಭಯವಾಯಿತು.

ಮಿಸ್ತ್ರಿ ಬೆರಳು ಒರೆಸಿಕೊಂಡರು. ನೀರು ಆಯಿಲಿಗೆ ಇಳಿಯಲು ಈ ಎಂಜಿನ್ನಿನಲ್ಲಿ ಮೂರು ದಾರಿ ಎಂದು ಮಾವನಿಗೆ ಹೇಳುತ್ತ ಕೆಲಸಕ್ಕೆ ಕೂತರು. ಒಂದು, ಪಿಸ್ಟನ್ ಓಡಾಡುವ ಕೊಳವೆಗಳ ಬುಡದಲ್ಲಿರುವ ರಬ್ಬರ್ ರಿಂಗುಗಳು ಹಳೆಯದಾಗಿ ಸೋರುವುದು. ಎರಡು, ಮೇಲೆ ಮುಚ್ಚಳದಂತೆ ಕೂತ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹಾಳೆ ಸುಟ್ಟು ಹೋಗುವುದು. ಮೂರನೆಯದನ್ನು ಹೇಳುವಾಗ ದನಿ ತಗ್ಗಿಸಿದರು. ಹೆಡ್ಡೋ ಬ್ಲಾಕೋ ಸೀಳುವುದು. ಬ್ಲಾಕ್ ಸೀಳಿದ್ದರೆ ಈ ಗಾಡಿ ಮುಗಿಯಿತು ಅಂದರು. ‘ಟಣ್’ ಎಂದ ಆ ಸದ್ದು ನನ್ನ ಕಿವಿಯಲ್ಲಿ ಮತ್ತೆ ಆಯಿತು.

ಬುಡದಿಂದ ಸೋರುತ್ತಿದೆಯೋ ಮೇಲಿನಿಂದಲೋ ತಿಳಿಯಲು ಒಂದೇ ಉಪಾಯ. ಗಾಡಿಯ ಮುಂದಿನ ಭಾಗಕ್ಕೆ ಜಾಕು, ದಿಮ್ಮಿ ಕೊಟ್ಟು ಎತ್ತಿ, ಚೇಂಬರ್ ಬಿಚ್ಚಿ ಕೆಳಗಿಳಿಸಿದರು. ರೇಡಿಯೇಟರಿಗೆ ನೀರು ತುಂಬಿ, ಕೈಪಂಪಿನಿಂದ ಒಳಗೆ ಗಾಳಿಯ ಒತ್ತಡ ಕೊಟ್ಟರು. ಇನ್ನು ಯಾರಾದರೂ ಕೆಳಗೆ ಮಲಗಿ ಮೇಲೆ ನೋಡುತ್ತಿರಬೇಕು. ಹನಿ ಎಲ್ಲಿಂದ ಇಳಿಯುತ್ತದೆಯೋ ಅಲ್ಲಿ ರೋಗ.

“ನನ್ನ ಕಣ್ಣಿಗೆ ಸಣ್ಣ ಹನಿ ಕಾಣಂಗಿಲ್ಲ,” ಅಂದರು ಮಿಸ್ತ್ರಿ. “ಇವರದಂತೂ ಕೇಳಬ್ಯಾಡ. ನೀನ ಮಕ್ಕೋ ತಂಗಿ.”

ಸೀರೆಯ ಮೇಲೆ ಗಂಡನ ಹಳೆ ಅಂಗಿ ತೊಟ್ಟು, ಗೋಣಿಚೀಲ ಹಾಸಿ, ಕೈಯಲ್ಲಿ ಬ್ಯಾಟರಿ ಹಿಡಿದು ಕೆಳಗೆ ಸರಿದೆ. ಮುಖದ ಮೇಲೆ ಒಂದು ಮೊಳದ ಎತ್ತರಕ್ಕೆ ಆ ಎಂಜಿನ್ನಿನ ಹೊಟ್ಟೆ. ದಪ್ಪ ಕಬ್ಬಿಣ, ಅದರ ತುಂಬ ಹಾಲಿನ ಕೆನೆಯಂಥ ಲೋಳೆ ಮೆತ್ತಿಕೊಂಡು ಜೋತಾಡುತ್ತಿತ್ತು. ಇಷ್ಟು ವರ್ಷ ಇದರ ಮೇಲೆ ಕೂತವಳು ಕೆಳಗಿನಿಂದ ನೋಡಿದ್ದು ಅದೇ ಮೊದಲು. ದಿಮ್ಮಿ ಸರಿದರೆ ಎಂಬ ಯೋಚನೆ ಬಂತು. ಪಕ್ಕಕ್ಕೆ ನೋಡಿದರೆ ನಾಲ್ಕು ಕಾಲು ಮಾತ್ರ ಕಾಣುತ್ತಿದ್ದವು. ಮಾವನ ಬರಿಗಾಲು, ಮಿಸ್ತ್ರಿಯ ಚಪ್ಪಲಿಗಾಲು.

“ಮೊದಲನೇದು?” ಮಿಸ್ತ್ರಿ ಕೇಳಿದರು.

ಕೊಳವೆಯ ಬುಡಕ್ಕೆ ಬೆಳಕು ಬಿಟ್ಟೆ. “ಒಣಾ ಐತ್ರಿ.”

“ಎರಡನೇದು?”

“ಒಣಾ.”

ಮೂರನೆಯದೂ ಒಣಗಿತ್ತು. ಕಾದೆವು. ಅಂಗಳದಲ್ಲಿ ಕೋಳಿ ಕೆದರುವುದು ಕೇಳುತ್ತಿತ್ತು. ಬಹಳ ಹೊತ್ತಿನ ಮೇಲೆ, ಬುಡದಲ್ಲಿ ಅಲ್ಲ, ಪಕ್ಕದ ಗೋಡೆಯಲ್ಲಿ, ಮೇಲಿನಿಂದ ಆಯಿಲ್ ಇಳಿದು ಬರುವ ತೂತಿನ ಬಾಯಲ್ಲಿ ಒಂದು ಹನಿ ಮೂಡಿತು. ಮೂಡಿ, ತುಂಬಿ, ನನ್ನ ಗಲ್ಲದ ಮೇಲೆ ಬಿತ್ತು.

“ಹನಿ ಬಿತ್ರಿ. ಬಾಜೂಕ. ಮ್ಯಾಲಿಂದ ಬಂತು.”

ಮಿಸ್ತ್ರಿ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. “ಹಂಗಾರ ರಿಂಗ್ ಅಲ್ಲ. ಹೆಡ್ಡಿನ ಕಡಿಂದ. ಈಗ ಕೇಳು ತಂಗಿ. ಗಾಡಿ ಕಾದಿಲ್ಲ ಅಂದ್ರ, ಗ್ಯಾಸ್ಕೆಟ್ ಹಳೇದಾಗಿ ಹೋಗೇತಿ ಅಂತ ತಿಳಕೊಂಡು ಹೊಸಾದು ಹಾಕಿ ಇವತ್ತ ಮುಚ್ಚತೇನಿ. ಕಾದಿದ್ರ ಹೆಡ್ ಬಗ್ಗಿರತೈತಿ, ಇಲ್ಲಾ ಸೀಳಿರತೈತಿ. ಅದನ್ನ ನೋಡದ ಮುಚ್ಚಿದ್ರ ಒಂದಿನ ದಾರ್ಯಾಗ ಎಂಜಿನ್ ಬಿಗದು ಗಾಡಿ ಹಿಡಕೊಂತೈತಿ. ಇಳಿಜಾರಿನ್ಯಾಗ ಹಿಡಕೊಂಡ್ರ ಹಿಂದ ಕುಂತ ಮಂದಿ ಗತಿ ಏನು? ನಾ ನಿನ್ನ ಮಾತಿನ ಮ್ಯಾಲ ಹೊಂಟೇನಿ.”

ಅವರು ಗದರಿಸಲಿಲ್ಲ. ಗದರಿಸಿದ್ದರೆ ಮತ್ತೊಂದು ಸುಳ್ಳು ಹೇಳುತ್ತಿದ್ದೆನೇನೋ. ಮುಖ ಯಾವುದೂ ಕಾಣುತ್ತಿರಲಿಲ್ಲ. ನನ್ನ ಮುಖವೂ ಅವರಿಗೆ ಕಾಣುತ್ತಿರಲಿಲ್ಲ. ಕಬ್ಬಿಣವನ್ನು ನೋಡುತ್ತಲೇ ಹೇಳಿದೆ.

“ಕಾದಿತ್ರಿ. ಡೋಣ್ಯಾಗ ಬಂದ್ ಬಿದ್ದಿತ್ತು. ಕಾದಿದ್ದಕ್ಕ ಡೋಣಿ ನೀರ ಸುರುವಿದೆ.”

ಬರಿಗಾಲುಗಳು ಒಂದು ಹೆಜ್ಜೆ ಹತ್ತಿರ ಬಂದವು.

“ಎಂದು?” ಮಾವನ ದನಿ.

“ಡೋಣಿ ಬಂದ ದಿನ ರಿ.”

“ಸೇತುವಿ ಮ್ಯಾಲ ಹೋಗಿದ್ದೆ ಅಂದಿ.”

“ಇಲ್ರಿ. ಕೆಳಗಿನ ದಾರಿಲೇ ಹೋದೆ.”

“ಗಾಡ್ಯಾಗ ಯಾರಿದ್ರು?”

“ಹೆಣ್ಣುಮಕ್ಕಳಿದ್ರು ರಿ. ಹನ್ನೊಂದೂ ಮಂದಿ. ಕೂಸೂ ಇತ್ತು.”

ಇಷ್ಟು ದಿನ ನಾನು ಕಲ್ಪಿಸಿಕೊಂಡಿದ್ದ ಮಾತು ಒಂದೇ: ನನ್ನ ಗಾಡಿ ಹಾಳು ಮಾಡಿದಿ. ಆ ಮಾತು ಬರಲಿಲ್ಲ.

“ಎಂಜಿನ್ ಸುಡ್ಲಿ!” ಮಾವ ಕೂಗಿದರು. ಅವರು ಕೂಗಿದ್ದನ್ನು ಅದಕ್ಕಿಂತ ಮುಂಚೆ ನಾನು ಕೇಳಿಯೇ ಇರಲಿಲ್ಲ. “ಕೂಸಿತ್ತು ಅಂತಿ! ಮಾಡ ಕಂಡು ಇಳಿಸಿದಿ? ಅವರನ್ನ ಇಳಿಸಿ ಯಾಕ ನಡಸಲಿಲ್ಲ? ಗಾಡ್ಯಾಗ ಕುಂಡ್ರಿಸಿಕೊಂಡು ನೀರು ಸುರುವಿಕೋತ ನಿಂತಿದ್ಯಾ?”

ಮಿಸ್ತ್ರಿಯ ಚಪ್ಪಲಿಗಳು ಅವರ ಪಕ್ಕಕ್ಕೆ ಬಂದು ನಿಂತವು. ಆಮೇಲೆ ನಾಲ್ಕೂ ಕಾಲು ಕಟ್ಟೆಯ ಕಡೆಗೆ ಹೋದವು. ನಾನು ಕೆಳಗೇ ಮಲಗಿದ್ದೆ. ಮತ್ತೊಂದು ಹನಿ ಬಿತ್ತು. ಆ ಜಾಲಿಮರ ಮುಳುಗಿ ಎದ್ದದ್ದು ಕಣ್ಣೆದುರು ಬಂತು. ಮುಳುಗಿದಾಗ ಅಲ್ಲಿ ನಮ್ಮ ಟ್ರೇಲರ್ ಇದ್ದಿದ್ದರೆ ಎಂಬುದನ್ನು ನಾನು ಮೊದಲ ಸಲ ಪೂರ್ತಿಯಾಗಿ ನೋಡಿದೆ. ಹೆದರಿಕೆ ಇಷ್ಟು ದಿನ ನನ್ನೊಳಗೇ ಇತ್ತು, ಆದರೆ ಅದು ಬೇರೆ ಯಾವುದನ್ನೋ ನೋಡಿಕೊಂಡು ಕೂತಿತ್ತು.

ಮಿಸ್ತ್ರಿ ಅವತ್ತೇ ಹೆಡ್ ಬಿಚ್ಚಿದರು. ಎರಡನೆಯ ಮತ್ತು ಮೂರನೆಯ ಕೊಳವೆಯ ನಡುವೆ ಗ್ಯಾಸ್ಕೆಟ್ ಕರಕಲಾಗಿ ಹರಿದಿತ್ತು. ಹೆಡ್ಡಿನ ಮೇಲೆ ಸ್ಟೀಲಿನ ಪಟ್ಟಿ ಇಟ್ಟು ನೋಡಿದರೆ ನಡುವೆ ಸಂದು ಕಾಣುತ್ತಿತ್ತು. “ಬಗ್ಗೇತಿ. ಸೀಳೇತೋ ಇಲ್ಲೋ ವಿಜಾಪುರದಾಗ ನೋಡಬೇಕು,” ಅಂದರು. ಬ್ಲಾಕಿಗೆ ಕೈಯಾಡಿಸಿ, ಬಟ್ಟೆಯಿಂದ ಒರೆಸಿ, ಮತ್ತೆ ಕೈಯಾಡಿಸಿ, ಅದಕ್ಕೇನೂ ಆಗಿರಲಿಕ್ಕಿಲ್ಲ ಅಂದರು. ಆಮೇಲೆ ಕೆಳಗಿನಿಂದ ಬೇರಿಂಗ್ ಬಿಚ್ಚಿ ನನ್ನ ಅಂಗೈ ಮೇಲಿಟ್ಟರು. ಕನ್ನಡಿಯಂತಿರಬೇಕಾದ ಒಳಮೈಯ ತುಂಬ ಉಗುರಿನಿಂದ ಗೀರಿದಂಥ ಗೆರೆಗಳು.

“ಇದು ಡೋಣ್ಯಾಗ ಆಗಿದ್ದಲ್ಲ,” ಅಂದರು ಮೆಲ್ಲಗೆ. “ನೀರು ಕೂಡಿದ ಆಯಿಲ್ ಮ್ಯಾಲ ಓಡಿಸಿದ್ದಕ್ಕ ಆಗಿದ್ದು. ಇನ್ನ ನಾಕು ದಿನ ಓಡಿದ್ರ ಹಿಡಕೊಂತಿತ್ತು.”

ಮಾವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಂದರು, ಉಂಡರು, ಎದ್ದರು. ಮೂರನೆಯ ಬೆಳಿಗ್ಗೆ ಕೋಲು ಹಿಡಿದು ಬಾಗಿಲಲ್ಲಿ ನಿಂತರು.

“ನನಗ ಹೇಳಿದ್ರ ಆಗಲಿಲ್ಲ. ಆ ಹನ್ನೊಂದು ಮನಿಗೆ ಹೋಗಿ ಹೇಳಬೇಕು. ನಡಿ, ನಾನೂ ಬರತೇನಿ.”

ಡೋಣಿ ಇಳಿದಿತ್ತು. ಮೇಲೆ ಆಕಾಶ ತಿಳಿಯಾಗಿತ್ತು. ಆದರೂ ಆ ಕೆಳದಾರಿಯ ಮೇಲೆ ಕಾಲಿಡುವ ಮುಂಚೆ ಪಡುವಣದ ಕಡೆ ಇನ್ನೊಮ್ಮೆ ನೋಡಿದೆ. ಮಾವ ನನ್ನ ಭುಜದ ಮೇಲೆ ಕೈಯಿಟ್ಟು ಹಿಂದೆ ಬರುತ್ತಿದ್ದರು. ನಡುವೆ ಬಂದಾಗ, “ಎಲ್ಲಿ ನಿಂತಿತ್ತು?” ಎಂದು ಕೇಳಿದರು. ತೋರಿಸಲು ಕೈ ಎತ್ತಿ, ಅವರಿಗೆ ಕಾಣದು ಎಂದು ನೆನಪಾಗಿ, “ಇಲ್ಲೇ ರಿ,” ಅಂದೆ. ಅವರು ಕೋಲಿನಿಂದ ಕಾಂಕ್ರೀಟನ್ನು ಎರಡು ಸಲ ಕುಟ್ಟಿ ನೋಡಿದರು. ಮುಂದೆ ನಡೆದೆವು.

ಹನ್ನೊಂದು ಮನೆಯ ಬಾಗಿಲಲ್ಲೂ ಅದೇ ಮಾತು ಹೇಳಿದೆ. ಗಾಡಿ ಕಾದದ್ದು ನನಗೆ ಮೊದಲೇ ಗೊತ್ತಿತ್ತು, ಮೋಡವನ್ನೂ ನೋಡಿದ್ದೆ, ಏನಿಲ್ಲ ಎಂದದ್ದು ಸುಳ್ಳು, ಅದರ ಮೇಲೆ ಕೆಟ್ಟ ಎಂಜಿನ್ನಿನಲ್ಲಿ ಮೂರು ದಿನ ನಿಮ್ಮನ್ನು ಕೂರಿಸಿಕೊಂಡು ಓಡಾಡಿದೆ. ಮಾವ ಕೋಲೂರಿ ಪಕ್ಕದಲ್ಲೇ ನಿಂತಿದ್ದರು. ಕೆಲವರು ನಕ್ಕರು, ಆಗಿ ಹೋಯಿತು ಬಿಡು ಅಂದರು. ಒಬ್ಬ ಮುದುಕಿ, “ನೀರಿನ ಬಣ್ಣ ನಾನೂ ನೋಡಿದ್ದೆ. ನೀ ಅಂಜಬಾರದಂತ ಬಾಯಿ ಮುಚ್ಚಿದ್ದೆ,” ಅಂದಳು. ಒಬ್ಬಳ ಗಂಡ ಒಳಗಿನಿಂದ ಬಂದು ನನ್ನನ್ನು ಬಾಯಿಗೆ ಬಂದಂತೆ ಬೈದ. ಬೈಯಿಸಿಕೊಂಡೆ. ಕೂಸಿನ ತಾಯಿ ಎಲ್ಲ ಕೇಳಿ, ಒಳಗೆ ಹೋಗಿ ಮಾವನಿಗೆ ಒಂದು ತಂಬಿಗೆ ನೀರು, ಬೆಲ್ಲ ತಂದುಕೊಟ್ಟಳು.

“ನಾ ಇನ್ನ ಬರಂಗಿಲ್ಲ ಅಕ್ಕಾ,” ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಮುಂದೆ ಆಕೆ ಬರಲೇ ಇಲ್ಲ. ಉಳಿದವರು ಬಂದರು.

ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ವಿಜಯಪುರಕ್ಕೆ ಒಯ್ದದ್ದು ಮಿಸ್ತ್ರಿ ಮತ್ತು ನಾನು. ಅಲ್ಲಿಯ ಅಂಗಡಿಯವನು ಅದರ ತೂತುಗಳಿಗೆಲ್ಲ ರಬ್ಬರ್, ಪಟ್ಟಿ ಬಿಗಿದು, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒಳಗೆ ಗಾಳಿ ಬಿಟ್ಟ. ಸೀಳಿದ್ದರೆ ಅಲ್ಲಿಂದ ಗುಳ್ಳೆ ಏಳುತ್ತದೆ. ನಾನು ತೊಟ್ಟಿಯ ಅಂಚು ಹಿಡಿದು ನಿಂತೆ. ಮೊದಲು ಏನೂ ಇಲ್ಲ. ಆಮೇಲೆ ಒಂದು ಮೂಲೆಯಿಂದ ಸಣ್ಣ ಗುಳ್ಳೆಗಳ ಸರ ಮೇಲೆದ್ದಿತು. ಮಿಸ್ತ್ರಿ “ಯಾ ಅಲ್ಲಾ” ಅಂದರು. ಅಂಗಡಿಯವನು ಅವಸರ ಮಾಡಲಿಲ್ಲ. ಕೈ ಮುಳುಗಿಸಿ, ಗುಳ್ಳೆ ಏಳುವಲ್ಲಿ ಬೆರಳಾಡಿಸಿ, ಪಟ್ಟಿಯ ಒಂದು ನಟ್ಟನ್ನು ಅರ್ಧ ಸುತ್ತು ಬಿಗಿದ. ಗುಳ್ಳೆ ನಿಂತವು.

“ರಬ್ಬರ್ ಸಡ್ಲ ಇತ್ರಿ,” ಅಂದ. “ಹೆಡ್ ಸೀಳಿಲ್ಲ. ಉಜ್ಜಿ ಮಟ್ಟಸ ಮಾಡಿ ಕೊಡತೇನಿ.”

ಅಲ್ಲೇ ಗೋಡೆಗೆ ಒರಗಿ ಅತ್ತುಬಿಟ್ಟೆ. ಮಿಸ್ತ್ರಿ ಆ ಕಡೆ ಮುಖ ತಿರುಗಿಸಿಕೊಂಡು ನಿಂತರು.

ಹೊಸ ಗ್ಯಾಸ್ಕೆಟ್, ಹೊಸ ಬೇರಿಂಗ್ ಹಾಕಿ, ಒಳಗಿನ ಲೋಳೆಯನ್ನೆಲ್ಲ ಡೀಸೆಲ್ಲಿನಿಂದ ತೊಳೆದು, ಹೊಸ ಆಯಿಲ್ ತುಂಬಿದರು. ಅರ್ಧ ತಾಸು ಓಡಿಸಿ ಅದನ್ನೂ ಬಸಿದು ಮತ್ತೆ ಬೇರೆ ತುಂಬಿದರು. ರೇಡಿಯೇಟರಿನ ಜಾಲರಿಯಲ್ಲಿ ಉಳ್ಳಾಗಡ್ಡಿ ಸಿಪ್ಪೆ, ಧೂಳು ಒತ್ತಿ ಕೂತಿದ್ದವು. ಗಾಡಿ ಮೊದಲು ಕಾದದ್ದೇ ಅದಕ್ಕೆ ಎಂದು ಮಿಸ್ತ್ರಿ ತೋರಿಸಿದರು.

ಕೊನೆಯ ಫಸಲು ತುಂಬಿಕೊಂಡು ನಿಡಗುಂದಿಯ ಕಡೆ ಹೆದ್ದಾರಿಗೆ, ಲಾರಿಗೆ ಹಾಕಲು ಹೋಗಬೇಕಿತ್ತು. ಮಾವ ಕರೆಯದೆಯೇ ಬಂದು ಮಡ್‌ಗಾರ್ಡ್ ಮೇಲೆ ಕೂತರು. ಸ್ವಲ್ಪ ದೂರ ಹೋದೊಡನೆ ಕೇಳಿದರು, “ಮುಳ್ಳು ಎಲ್ಲೈತಿ?”

“ನಡುವ ಐತ್ರಿ.”

ಮತ್ತೆ ಸ್ವಲ್ಪ ದೂರ. “ಈಗ?”

“ಅಲ್ಲೇ ಐತ್ರಿ.”

ದಾರಿಯುದ್ದಕ್ಕೂ ಹಾಗೇ. ಒಂದು ದಿಣ್ಣೆ ಏರುವಾಗ ಮುಳ್ಳು ಒಂದು ಕೂದಲೆಳೆಯಷ್ಟು ಮೇಲೆ ಸರಿಯಿತು. ಭಾರ ಎಳೆಯುವಾಗ ಅಷ್ಟು ಸರಿಯುವುದು ಸಹಜ, ಮಿಸ್ತ್ರಿಯೂ ಹೇಳಿದ್ದರು. ಆದರೆ ಮಾವ ಕೇಳುವ ಮುಂಚೆಯೇ ನನ್ನ ಬಾಯಿಂದ ಬಂತು, “ಮಾವಾರ, ಒಂದೀಟು ಮ್ಯಾಲ ಹೋಗೇತ್ರಿ.”

“ನಿಲ್ಲಸು.”

ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ನಿಧಾನಕ್ಕೆ ಓಡಲು ಬಿಟ್ಟು ಇಬ್ಬರೂ ಇಳಿದು ನೆರಳಿಗೆ ಕೂತೆವು. ಮುಳ್ಳು ಐದೇ ನಿಮಿಷಕ್ಕೆ ಕೆಳಗಿಳಿಯಿತು. ಆದರೂ ಏಳಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಲಾರಿಯವನೊಬ್ಬ ವೇಗ ಇಳಿಸಿ ತಲೆ ಹೊರಗೆ ಹಾಕಿ, “ಏನಾತ್ರಿ ಯಜಮಾನ್ರ?” ಎಂದು ಕೂಗಿದ.

“ಏನೂ ಆಗಿಲ್ಲಪಾ,” ಮಾವ ಅಂದರು. “ಅಂಜಿಕಿ ಬಂತು, ಕುಂತೇವಿ.”

ಅವನಿಗೆ ಅರ್ಥವಾಗಲಿಲ್ಲ. ಕೈ ಬೀಸಿ ಹೋದ. ನಾನು ಬುತ್ತಿ ಬಿಚ್ಚಿ ಮಾವನ ಕೈಗೆ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಉಂಡು ಕೈ ತೊಳೆದು, ಇನ್ನಷ್ಟು ಹೊತ್ತು ಕೂತು, ಆಮೇಲೆ ಹೊರಟೆವು.